ಕೆಂಪು ಬುಟ್ಟಿ ಎರಡಾಗುವ ಹೊತ್ತು: ಬೆಂಗಳೂರಿನ ಕಸಕ್ಕೆ ಹೊಸ ನಿಯಮ ತರುವುದೇನು

ಘನತ್ಯಾಜ್ಯ ನಿರ್ವಹಣೆಯ 2016ರ ಕೇಂದ್ರ ನಿಯಮಗಳ ಜಾಗಕ್ಕೆ 2026ರ ನಿಯಮಗಳು ಬಂದಿವೆ. ಜನವರಿ ಕೊನೆಯಲ್ಲಿ ಅಧಿಸೂಚನೆ ಹೊರಬಿತ್ತು, ಜಾರಿಯ ದಿನ ಏಪ್ರಿಲ್ 1. ಇನ್ನು ಮೇಲೆ ಮನೆ, ಅಂಗಡಿ, ಕಚೇರಿ ಎಲ್ಲಿಯೇ ಆಗಲಿ ಕಸ ನಾಲ್ಕು ಪಾಲಾಗಬೇಕು: ಹಸಿ ಕಸ, ಒಣ ಕಸ, ಸ್ಯಾನಿಟರಿ ಕಸ, ಮತ್ತು ವಿಶೇಷ ಕಾಳಜಿಯ ಕಸ. ಬಲ್ಬು, ಔಷಧಿ, ಬಣ್ಣದ ಡಬ್ಬಿ, ಪಾದರಸದ ಥರ್ಮಾಮೀಟರ್‌ಗಳೆಲ್ಲ ಈ ಕೊನೆಯ ಪಾಲಿಗೆ ಸೇರಿದವು.

ಬೆಂಗಳೂರಿನವರಿಗೆ ಇದು ಪೂರ್ತಿ ಹೊಸದಲ್ಲ. ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಜನ 2012ರಲ್ಲಿ ಕಸದ ಲಾರಿಗಳನ್ನು ತಡೆದು ನಿಲ್ಲಿಸಿದ ಮೇಲೆ ಊರೆಲ್ಲ ಕಸ ಕೊಳೆಯಿತು. ಅದೇ ವರ್ಷ ಅಕ್ಟೋಬರ್‌ನಿಂದ ಮೂಲದಲ್ಲೇ ವಿಂಗಡಣೆ ಕಡ್ಡಾಯವಾಯಿತು. ಮಂಡೂರಿನ ಕಸದ ಗುಡ್ಡವೂ 2014ರ ಕೊನೆಗೆ ಮುಚ್ಚಿತು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ನಗರಕ್ಕೆಲ್ಲ ಅನ್ವಯಿಸಿತು: ಹಸಿರು ಬುಟ್ಟಿಗೆ ಹಸಿ ಕಸ, ಚೀಲಕ್ಕೆ ಒಣ ಕಸ, ಕೆಂಪು ಬುಟ್ಟಿಗೆ ಉಳಿದದ್ದು. ಈ ಉಳಿದದ್ದರಲ್ಲಿ ಪ್ಯಾಡು, ಡೈಪರ್, ಬ್ಯಾಂಡೇಜು, ಗುಡಿಸಿದ ಧೂಳು ಎಲ್ಲವೂ ಇದ್ದವು. ಈಗ ಒಡೆಯಬೇಕಾದದ್ದು ಈ ಕೆಂಪು ಬುಟ್ಟಿ. ಸ್ಯಾನಿಟರಿ ಕಸ ಒಂದು ದಾರಿ ಹಿಡಿಯಬೇಕು, ವಿಷಕಾರಿ ಪದಾರ್ಥಗಳು ಇನ್ನೊಂದು ದಾರಿ.

ಬುಟ್ಟಿ ಹೆಚ್ಚಿದ ಮಾತ್ರಕ್ಕೆ ವಿಂಗಡಣೆ ಉಳಿಯುವುದಿಲ್ಲ. ಅಡುಗೆಮನೆಯಲ್ಲಿ ಬೇರೆಯಾದದ್ದು ಆಟೊ ಟಿಪ್ಪರ್‌ನಲ್ಲಿ, ಕಸವನ್ನು ಒತ್ತಿ ತುಂಬುವ ಕಾಂಪ್ಯಾಕ್ಟರ್ ಲಾರಿಯಲ್ಲಿ, ಸಂಸ್ಕರಣಾ ಘಟಕದ ಅಂಗಳದಲ್ಲಿ ಬೇರೆಯಾಗಿಯೇ ಇದ್ದರೆ ಮಾತ್ರ ಈ ಶ್ರಮಕ್ಕೆ ಫಲ. ಮೊದಲ ಹೆಜ್ಜೆಯಿಂದ ಕೊನೆಯವರೆಗೆ ಯಾವ ಕಸ ಏಕೆ ಕೆಡುತ್ತದೆ ಎಂದು ತಿಳಿದರೆ ಯಾರನ್ನು ಏನು ಕೇಳಬೇಕು ಎಂಬುದೂ ತಿಳಿಯುತ್ತದೆ.

ಹಸಿ ಕಸ: ಅರ್ಧಕ್ಕಿಂತ ಹೆಚ್ಚು ತೂಕ ಇಲ್ಲೇ ಇದೆ

ನಮ್ಮ ಮನೆಗಳ ಕಸದಲ್ಲಿ ಅರ್ಧಕ್ಕೂ ಹೆಚ್ಚು ತೂಕ ಹಸಿ ಕಸದ್ದು. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಹೆಚ್ಚುಕಡಿಮೆ ಒಂದು ಕಿಲೋ. ತರಕಾರಿ ಸಿಪ್ಪೆ, ಉಳಿದ ಅನ್ನ-ಸಾರು, ಕಾಫಿ ಚರಟ, ಟೀ ಸೊಪ್ಪು, ಮೊಟ್ಟೆ ಚಿಪ್ಪು, ಮೂಳೆ, ಮೀನಿನ ಮುಳ್ಳು, ಪೂಜೆಯ ಹೂವು, ಊಟದ ಬಾಳೆ ಎಲೆ, ಕೈ ಒರೆಸಿದ ಟಿಶ್ಯೂ ಎಲ್ಲವೂ ಇದಕ್ಕೇ. ಹೂವಿನ ಹಾರದ ನೈಲಾನ್ ದಾರವನ್ನು ಮಾತ್ರ ತೆಗೆಯಬೇಕು. ಘಟಕದಲ್ಲಿ ಕಸವನ್ನು ಪುಡಿ ಮಾಡುವ ಯಂತ್ರದ ಶಾಫ್ಟಿಗೆ ಇಂಥ ದಾರ ಸುತ್ತಿಕೊಂಡರೆ ಯಂತ್ರ ನಿಲ್ಲಿಸಿ ಕತ್ತರಿಸಿ ತೆಗೆಯಬೇಕಾಗುತ್ತದೆ. ತೆಂಗಿನ ಕರಟ, ನಾರು, ಎಳನೀರು ಬುರುಡೆ ಕೊಳೆಯುತ್ತವೆ ನಿಜ, ಆದರೆ ಬಹಳ ನಿಧಾನ. ಅವನ್ನು ಬೇರೆಯಾಗಿ ಕೊಡಬೇಕು. ಎಳನೀರು ಮಾರುವ ಗಾಡಿಗಳ ಬುರುಡೆಗಳಿಗೆ ಪ್ರತ್ಯೇಕ ಸಾಗಣೆ ಮತ್ತು ಚೂರು ಮಾಡುವ ಯಂತ್ರ ಇಲ್ಲದ ವಾರ್ಡ್‌ಗಳಲ್ಲಿ ಅವು ರಸ್ತೆ ಮೂಲೆಗೆ ಬಂದು ಬೀಳುತ್ತವೆ.

ಹಸಿ ಕಸವನ್ನು ಯಾವ ಕವರಿನಲ್ಲೂ ಕಟ್ಟಿ ಕೊಡಬಾರದು. 'ಕಾಂಪೋಸ್ಟಬಲ್' ಎಂದು ಅಚ್ಚಾದ ಕವರೂ ಬೇಡ. ಘಟಕದ ಅಂಗಳದಲ್ಲಿ ಕೆಲಸಗಾರರಿಗೆ ಅಸಲಿ ಯಾವುದು, ನಕಲಿ ಯಾವುದು ಎಂದು ನೋಡುವ ಸಮಯವಿಲ್ಲ, ಎಲ್ಲ ಕವರನ್ನೂ ಪ್ಲಾಸ್ಟಿಕ್ ಎಂದೇ ಎಳೆದು ಬಿಸಾಡುತ್ತಾರೆ. ಕವರಿನೊಂದಿಗೆ ಅದಕ್ಕೆ ಅಂಟಿದ ಅನ್ನ, ಸಿಪ್ಪೆಗಳೂ ಹೋಗುತ್ತವೆ. ಬುಟ್ಟಿಯ ತಳಕ್ಕೆ ಹಳೆಯ ದಿನಪತ್ರಿಕೆಯ ಒಂದು ಹಾಳೆ ಹಾಸಿದರೆ ಸಾಕು, ನೀರನ್ನು ಅದೇ ಹೀರಿಕೊಳ್ಳುತ್ತದೆ, ಗೊಬ್ಬರವೂ ಆಗುತ್ತದೆ. ಮುಸುರೆಯ ನೀರನ್ನು ಜರಡಿಯಲ್ಲಿ ಸೋಸಿ ಗಟ್ಟಿಯನ್ನಷ್ಟೇ ಬುಟ್ಟಿಗೆ ಹಾಕಬೇಕು. ಟಿಪ್ಪರ್‌ನಿಂದ ರಸ್ತೆಗೆ ಸುರಿಯುವ ನಾರುವ ನೀರಿನ ದೊಡ್ಡ ಪಾಲು ಹೀಗೆ ಸೋಸದೆ ಬಂದದ್ದು.

ಮನೆಯಲ್ಲೇ ಗೊಬ್ಬರ ಮಾಡುವವರಿಗೆ ಅಡ್ಡಿಯಾಗುವುದು ಮೂರೇ ಸಂಗತಿ, ಮೂರಕ್ಕೂ ಮದ್ದು ಒಂದೇ: ಒಣ ಪದಾರ್ಥ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಅಡುಗೆಮನೆಯ ಕಸದಲ್ಲಿ ಇಂಗಾಲ ಕಡಿಮೆ, ನೀರು ವಿಪರೀತ. ಅಮೋನಿಯದ ಘಾಟು ಬಂದರೆ ಸಾರಜನಕ ಹೆಚ್ಚಾಗಿದೆ ಎಂದರ್ಥ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಹೋಗುತ್ತಿಲ್ಲ. ಬಿಳಿ ಹುಳ ತುಂಬಿದರೆ ತೇವ ಹೆಚ್ಚಾಗಿದೆ. ಹುಳ ಗೊಬ್ಬರಕ್ಕೆ ಹಾನಿ ಮಾಡುವುದಿಲ್ಲ, ಕಸವನ್ನು ಬೇಗ ತಿಂದು ಮುಗಿಸುತ್ತದೆ, ಆದರೆ ಮನೆಯವರ ಮನಸ್ಸು ಒಪ್ಪದು. ಒಣ ಎಲೆ, ತೆಂಗಿನ ನಾರಿನ ಪುಡಿ, ಮರದ ಹೊಟ್ಟು, ಯಾವುದಾದರೂ ಆಗಬಹುದು. ಹಸಿ ಕಸದಷ್ಟೇ ಗಾತ್ರದ ಒಣ ಎಲೆಯನ್ನು ಪದರ ಪದರವಾಗಿ ಹಾಕಿ ವಾರಕ್ಕೊಮ್ಮೆ ಕೆದಕಬೇಕು. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿದಾಗ ಒಂದೆರಡು ಹನಿ ಇಣುಕಿದರೆ ತೇವ ಸರಿಯಿದೆ. ನೀರು ಧಾರೆಯಾಗಿ ಇಳಿದರೆ ಇನ್ನಷ್ಟು ಎಲೆ ಬೇಕು. ಆರರಿಂದ ಎಂಟು ವಾರಗಳಲ್ಲಿ ಕಪ್ಪಗೆ, ಮಳೆ ಬಿದ್ದ ಮಣ್ಣಿನ ವಾಸನೆಯ ಗೊಬ್ಬರ ಸಿಗುತ್ತದೆ. ತೂಕ ಹಾಕಿದ ಕಸದ ಐದನೇ ಒಂದು ಭಾಗದ ಆಸುಪಾಸು.

ಒಣ ಎಲೆಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಬೆಂಗಳೂರಿನ ರಸ್ತೆ ಬದಿಯಲ್ಲಿ ಫೆಬ್ರವರಿ-ಮಾರ್ಚ್‌ನಲ್ಲಿ ಉದುರುವ ಎಲೆಗೆ ಈಗಲೂ ಬೆಂಕಿ ಇಡುತ್ತಾರೆ. ಕಸ ಸುಡುವುದು ನಿಯಮದ ಪ್ರಕಾರ ಅಪರಾಧ. ಅದರ ಜೊತೆಗೆ, ವರ್ಷವಿಡೀ ಗೊಬ್ಬರಕ್ಕೆ ಬೇಕಾದ ಇಂಗಾಲ ಎರಡು ತಿಂಗಳಲ್ಲಿ ಹೊಗೆಯಾಗಿ ಹೋಗುತ್ತದೆ. ಎರಡೇ ಗೋಣಿಚೀಲ ತುಂಬಿಟ್ಟುಕೊಂಡ ಮನೆಗೆ ತಿಂಗಳುಗಟ್ಟಲೆ ಬೇರೇನೂ ಕೊಳ್ಳಬೇಕಾಗಿಲ್ಲ.

ಒಣ ಕಸ: ಬೆಲೆ ಇರುವುದು ಒಣಗಿದ್ದರೆ

ಒಣ ಕಸ ಸಂಗ್ರಹ ಕೇಂದ್ರಗಳನ್ನು ನಗರದ ಅನೇಕ ವಾರ್ಡ್‌ಗಳಲ್ಲಿ ನಡೆಸುತ್ತಿರುವವರು ಒಂದು ಕಾಲದಲ್ಲಿ ಬೀದಿಯಲ್ಲಿ ಕಸ ಆಯುತ್ತಿದ್ದವರು. ಹಸಿರು ದಳದಂಥ ಸಂಘಟನೆಗಳ ಬೆಂಬಲದಿಂದ ಅವರು ಈ ಕೇಂದ್ರಗಳ ನಿರ್ವಾಹಕರಾಗಿದ್ದಾರೆ. ಅವರ ಆದಾಯ ನಿಂತಿರುವುದು ಮಾರಾಟವಾಗುವ ವಸ್ತುವಿನ ಮೇಲೆ: ರಟ್ಟು, ದಿನಪತ್ರಿಕೆ, ನೀರಿನ ಬಾಟಲಿ, ಶಾಂಪೂ ಬಾಟಲಿಯಂಥ ಗಡುಸು ಪ್ಲಾಸ್ಟಿಕ್, ಹಾಲಿನ ಕವರು, ತಗಡು, ಗಾಜು. ಒಣ ಕಸದ ಚೀಲಕ್ಕೆ ಅರ್ಧ ಲೋಟ ಸಾಂಬಾರು ಚೆಲ್ಲಿದರೆ ಕಾಗದ ತೊಯ್ದು ಕಾಗದದ ಕಾರ್ಖಾನೆಗೆ ಬೇಡವಾಗುತ್ತದೆ, ಮಳೆಗಾಲದಲ್ಲಿ ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ವಿಂಗಡಿಸುವ ಹೆಣ್ಣುಮಕ್ಕಳು ಬರಿಗೈಯಲ್ಲಿ ಅದನ್ನು ಬಿಡಿಸಬೇಕು. ಆ ಕೊಳೆಗೆ ಯಾರೂ ಅವರಿಗೆ ಪ್ರತ್ಯೇಕ ಕೂಲಿ ಕೊಡುವುದಿಲ್ಲ.

ಆದ್ದರಿಂದ ಹಾಲು, ಮೊಸರು, ಎಣ್ಣೆಯ ಕವರನ್ನು ಪಾತ್ರೆ ತೊಳೆದ ನೀರಿನಲ್ಲೇ ಒಮ್ಮೆ ಜಾಲಿಸಿ ಬೋರಲು ಹಾಕಿ ಒಣಗಿಸಿ. ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ಅಂಚಿಗೆ ಅಂಟಿಕೊಂಡೇ ಇರಲಿ. ಕತ್ತರಿಸಿ ಬಿದ್ದ ಆ ಚೂರು ಯಾವ ವಿಂಗಡಣೆಗೂ ಸಿಗದಷ್ಟು ಸಣ್ಣದು, ಸಿಂಕಿನಿಂದ ಚರಂಡಿಗೆ, ಚರಂಡಿಯಿಂದ ಕೆರೆಗೆ ಹೋಗುತ್ತದೆ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ 'ಗಾಜು' ಎಂದು ಬರೆದು ಕೈಗೇ ಕೊಡಬೇಕು. ಪಿಜ್ಜಾ ಡಬ್ಬಿಯ ಎಣ್ಣೆ ಹಿಡಿದ ತಳವನ್ನು ಹರಿದು ಹಸಿ ಕಸಕ್ಕೆ, ಒಣ ಮುಚ್ಚಳವನ್ನು ಒಣ ಕಸಕ್ಕೆ ಹಾಕಿ. ಕಾಫಿ, ಟೀಯ ಕಾಗದದ ಲೋಟ ಹಸಿ ಕಸವಲ್ಲ. ಒಳಗೆ ತೆಳು ಪ್ಲಾಸ್ಟಿಕ್ ಪದರವಿದೆ, ಮಣ್ಣಿನಲ್ಲಿ ಅದು ಉಳಿದುಹೋಗುತ್ತದೆ.

ಚಿಪ್ಸ್, ಬಿಸ್ಕತ್ತು, ಗುಟ್ಕಾ ಪೊಟ್ಟಣಗಳ ಕಥೆ ಬೇರೆ. ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ ಪದರಗಳು ಒಂದಕ್ಕೊಂದು ಅಂಟಿರುವುದರಿಂದ ಬೇರ್ಪಡಿಸಿ ಮರುಬಳಸುವುದು ಲಾಭದ ಕೆಲಸವಲ್ಲ. ಇವುಗಳಿಗೆ ಉಳಿದಿರುವ ದಾರಿ ಸಿಮೆಂಟ್ ಗೂಡು, ಅಂದರೆ ಕಲಬುರಗಿ ಜಿಲ್ಲೆಯ ವಾಡಿಯಂಥ ಊರುಗಳವರೆಗಿನ ಪ್ರಯಾಣ. ಕಲ್ಲಿದ್ದಲಿನ ಬದಲು ಉರುವಲಾಗಿ ಅವು ಅಲ್ಲಿ ಸುಡುತ್ತವೆ. ಹೊಸ ನಿಯಮದಲ್ಲಿ ಘನ ಇಂಧನ ಬಳಸುವ ಸಿಮೆಂಟ್ ಮುಂತಾದ ಕಾರ್ಖಾನೆಗಳು ಕಸದಿಂದ ತಯಾರಾದ ಉರುವಲಿನ ಪಾಲನ್ನು ಶೇ 5ರಿಂದ ಆರು ವರ್ಷದಲ್ಲಿ ಶೇ 15ಕ್ಕೆ ಏರಿಸಬೇಕು. ಇದರಿಂದ ಬೇಡಿಕೆ ಹುಟ್ಟುತ್ತದೆ ಎನ್ನುವುದು ಸರಿ. ಆದರೆ ಗೂಡಿಗೂ ತನ್ನ ಷರತ್ತುಗಳಿವೆ: ತೇವ ಇದ್ದರೆ ಶಾಖ ನೀರು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ, ಪಿವಿಸಿ ಪ್ಲಾಸ್ಟಿಕ್ ಬೆರೆತರೆ ಅದರಲ್ಲಿನ ಕ್ಲೋರಿನ್ ಒಳಗೋಡೆಗೆ ಗಡ್ಡೆಕಟ್ಟಿ ಗೂಡನ್ನೇ ನಿಲ್ಲಿಸಬೇಕಾಗುತ್ತದೆ. ಬಿಡದಿಯಲ್ಲಿ ಕಸದಿಂದ ವಿದ್ಯುತ್ ತೆಗೆಯುವ 11.5 ಮೆಗಾವಾಟ್ ಘಟಕಕ್ಕೂ ತೇವದ ಮಾತು ಅಷ್ಟೇ ಅನ್ವಯ. ಮಿಶ್ರ ಕಸವನ್ನು ಸುಟ್ಟುಬಿಟ್ಟರೆ ಸಮಸ್ಯೆ ಮುಗಿಯಿತು ಎನ್ನುವವರು ಈ ಲೆಕ್ಕವನ್ನು ನೋಡಬೇಕು.

ಸ್ಯಾನಿಟರಿ ಮತ್ತು ವಿಶೇಷ ಕಾಳಜಿ

ಬಳಸಿದ ಪ್ಯಾಡು, ಟ್ಯಾಂಪನ್, ಡೈಪರ್, ಕಾಂಡೋಮ್‌ಗಳನ್ನು ಬಿಗಿಯಾಗಿ ಸುತ್ತಿ ಬೇರೆ ಇಡಬೇಕು. ದಿನಪತ್ರಿಕೆಯಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕುವ ರೂಢಿ ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿ ಇದೆ, ಅದು ಒಳ್ಳೆಯ ರೂಢಿ. ಬಿಚ್ಚಿ ನೋಡದೆಯೇ ಒಳಗೇನಿದೆ ಎಂದು ಪೌರಕಾರ್ಮಿಕರಿಗೆ ತಿಳಿಯುತ್ತದೆ. ಡೈಪರ್‌ನ ಮಲವನ್ನು ಮೊದಲು ಶೌಚಾಲಯಕ್ಕೆ ಉದುರಿಸಿ ಆಮೇಲೆ ಸುತ್ತಬೇಕು.

ಇವು ಕೊಳೆಯುವುದಿಲ್ಲ, ಮರುಬಳಕೆಗೂ ಸುಲಭವಾಗಿ ಸಿಗುವುದಿಲ್ಲ. ಹೀರುವ ಪದರದಲ್ಲಿ ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುವ ಪಾಲಿಮರ್ ಇದೆ, ಸುತ್ತ ಪ್ಲಾಸ್ಟಿಕ್ ಹಾಳೆ. ಹಾಗಾಗಿ ಹೆಚ್ಚು ಶಾಖದ ಸುಡುಗೂಡಿಗೆ ಕಳಿಸುತ್ತಾರೆ. ಆಸ್ಪತ್ರೆ ತ್ಯಾಜ್ಯದ ಗೂಡುಗಳಲ್ಲಿ ಹೊಗೆಯು ಎರಡನೇ ಕೋಣೆಯಲ್ಲಿ ಸುಮಾರು 1,050 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ ಎರಡು ಸೆಕೆಂಡ್ ಇರಬೇಕೆಂಬ ನಿಯಮವಿದೆ. ಶಾಲೆ, ಹಾಸ್ಟೆಲ್‌ಗಳ ಶೌಚಾಲಯದ ಗೋಡೆಗೆ ಹಾಕುವ ಪುಟ್ಟ ಯಂತ್ರಗಳನ್ನು ಕೊಳ್ಳುವ ಮುನ್ನ ಈ ಅಳತೆಯಿಟ್ಟು ಕೇಳಿ ನೋಡಬೇಕು. ಶಾಖ ಸಾಲದಿದ್ದರೆ ಪ್ಲಾಸ್ಟಿಕ್ ಅರೆಬೆಂದು ಅದರ ಹೊಗೆ ಪಕ್ಕದ ಕಿಟಕಿಗೇ ಬರುತ್ತದೆ.

ವಿಶೇಷ ಕಾಳಜಿಯ ಕಸ ಪ್ರಮಾಣದಲ್ಲಿ ಅತಿ ಕಡಿಮೆ, ವರ್ಷಕ್ಕೆ ಒಂದು ರಟ್ಟಿನ ಪೆಟ್ಟಿಗೆ ತುಂಬಿದರೆ ಹೆಚ್ಚು. ಅವಧಿ ಮುಗಿದ ಮಾತ್ರೆಗಳನ್ನು ಶೌಚಾಲಯಕ್ಕೆ ಹಾಕದೆ ಸ್ಟ್ರಿಪ್‌ನಲ್ಲೇ ಬಿಡಿ. ಇನ್ಸುಲಿನ್ ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಳ ಬಿಗಿಯಿರಿ. ಟ್ಯೂಬ್‌ಲೈಟ್, ಸಿಎಫ್‌ಎಲ್‌ಗಳು ಒಡೆಯದಂತೆ ನೋಡಿಕೊಳ್ಳಿ, ಒಳಗೆ ಪಾದರಸದ ಆವಿಯಿದೆ. ಹಳೆಯ ಮೊಬೈಲ್ ಬ್ಯಾಟರಿ, ಪವರ್‌ಬ್ಯಾಂಕ್‌ಗಳಿಗೆ ಬ್ಯಾಟರಿ ಮತ್ತು ಇ-ತ್ಯಾಜ್ಯದ ಪ್ರತ್ಯೇಕ ನಿಯಮಗಳಿವೆ, ಅವುಗಳ ತುದಿಗೆ ಟೇಪು ಸುತ್ತಿ ಅಧಿಕೃತ ಸಂಗ್ರಹ ಕೇಂದ್ರಕ್ಕೆ ಕೊಡಬೇಕು. ಲಿಥಿಯಂ ಬ್ಯಾಟರಿ ಕಾಂಪ್ಯಾಕ್ಟರ್‌ನ ಒತ್ತಡಕ್ಕೆ ಸಿಕ್ಕಿ ಚಪ್ಪಟೆಯಾದರೆ ಬೆಂಕಿ ಹೊತ್ತಿಕೊಳ್ಳುತ್ತದೆ, ಸುತ್ತಲೂ ಇರುವುದು ಒಣ ಕಾಗದ.

ನಾಲ್ಕು ಪಾಲುಗಳಲ್ಲಿ ಮೊದಲು ಕುಸಿಯುವುದು ಇದೇ ನಾಲ್ಕನೆಯದು. ದಿನವೂ ಬರುವ ಟಿಪ್ಪರ್ ಇದನ್ನು ಒಯ್ಯಬೇಕೆಂದು ನಿಯಮ ಹೇಳುವುದಿಲ್ಲ, ಅಧಿಕೃತ ಸಂಸ್ಥೆ ಸಂಗ್ರಹಿಸಬೇಕು ಅಥವಾ ನಿಗದಿತ ಕೇಂದ್ರಕ್ಕೆ ಜನರೇ ತಲುಪಿಸಬೇಕು. ನಡೆದು ಹೋಗುವಷ್ಟು ಹತ್ತಿರ ಆ ಕೇಂದ್ರ ಇಲ್ಲದಿದ್ದರೆ ಟ್ಯೂಬ್‌ಲೈಟ್ ಕೊನೆಗೆ ಖಾಲಿ ನಿವೇಶನಕ್ಕೆ ಹೋಗುತ್ತದೆ. ವಾರ್ಡ್ ಕಚೇರಿ, ಔಷಧಿ ಅಂಗಡಿ, ನಂದಿನಿ ಮಳಿಗೆಗಳಂಥ ಜಾಗಗಳಲ್ಲಿ ಪೆಟ್ಟಿಗೆ ಇಟ್ಟು ತಿಂಗಳಿಗೊಮ್ಮೆ ಖಾಲಿ ಮಾಡಿಸುವುದು ದೊಡ್ಡ ಖರ್ಚಿನ ಕೆಲಸವೇನಲ್ಲ, ಆದರೆ ಯಾರಾದರೂ ಅದನ್ನು ತಮ್ಮ ಕೆಲಸ ಎಂದುಕೊಳ್ಳಬೇಕು.

ಅಪಾರ್ಟ್‌ಮೆಂಟ್, ಹೋಟೆಲ್, ಕಲ್ಯಾಣ ಮಂಟಪ

ಹೊಸ ನಿಯಮದ ನಿಜವಾದ ಭಾರ ಬೀಳುವುದು ಭಾರಿ ಪ್ರಮಾಣದಲ್ಲಿ ಕಸ ಹುಟ್ಟಿಸುವವರ ಮೇಲೆ. ದೇಶದ ಒಟ್ಟು ಕಸದಲ್ಲಿ ಸುಮಾರು ಶೇ 30 ಇವರದು ಎಂಬುದು ಕೇಂದ್ರದ ಅಂದಾಜು. 20,000 ಚದರ ಮೀಟರ್ ಕಟ್ಟಡ ವಿಸ್ತೀರ್ಣ, ದಿನಕ್ಕೆ 40,000 ಲೀಟರ್ ನೀರಿನ ಬಳಕೆ, ದಿನಕ್ಕೆ 100 ಕಿಲೋ ಕಸ: ಈ ಮೂರರಲ್ಲಿ ಯಾವುದೊಂದು ಮಿತಿ ಮುಟ್ಟಿದರೂ ಸಾಕು. ನೀರಿನ ಮಿತಿ ಅನೇಕ ಸಂಘಗಳನ್ನು ಅನಿರೀಕ್ಷಿತವಾಗಿ ಹಿಡಿಯಲಿದೆ. ತಲೆಗೆ ದಿನಕ್ಕೆ 135 ಲೀಟರ್ ಎಂಬ ರೂಢಿಯ ಲೆಕ್ಕದಲ್ಲಿ 40,000 ಲೀಟರ್ ಎಂದರೆ ಸುಮಾರು 296 ಜನ, ಅಂದರೆ ನಾಲ್ಕು ಜನರ 75 ಮನೆ. ತಾವು ಸಣ್ಣ ಅಪಾರ್ಟ್‌ಮೆಂಟ್ ಎಂದುಕೊಂಡವರು ಜಲಮಂಡಳಿಯ ಬಿಲ್ಲನ್ನೂ ಟ್ಯಾಂಕರ್ ರಸೀದಿಗಳನ್ನೂ ಕೂಡಿ ನೋಡಲಿ.

ಇವರು ಹಸಿ ಕಸವನ್ನು ಸಾಧ್ಯವಾದಷ್ಟೂ ತಮ್ಮ ಆವರಣದಲ್ಲೇ ಸಂಸ್ಕರಿಸಬೇಕು. ಆಗದಿದ್ದರೆ ಬೇರೆಡೆ ಸಂಸ್ಕರಣೆಯಾಗಿದೆ ಎಂಬ ಹೊಣೆಗಾರಿಕೆ ಪ್ರಮಾಣಪತ್ರ ಪಡೆಯಬೇಕು. 75 ಮನೆಗಳಿಂದ ದಿನಕ್ಕೆ 75 ಕಿಲೋ ಹಸಿ ಕಸ ಎಂದಿಟ್ಟುಕೊಳ್ಳಿ. ಗಾತ್ರದಲ್ಲಿ ಸುಮಾರು 190 ಲೀಟರ್, ಅಷ್ಟೇ ಒಣ ಎಲೆ ಸೇರಿದರೆ 380 ಲೀಟರ್. 45 ದಿನಕ್ಕೆ 17,000 ಲೀಟರ್ ಆಗುತ್ತದೆ, ಕುಗ್ಗುವುದನ್ನು ಲೆಕ್ಕ ಹಾಕಿದರೂ 8ರಿಂದ 10 ಘನ ಮೀಟರ್ ತೊಟ್ಟಿ ಬೇಕೇ ಬೇಕು, ಮಾಗಿಸಲು ನೆರಳಿನ ಜಾಗ ಬೇರೆ. ಸಂಘಗಳು ಸೋಲುವುದು ಇಲ್ಲಿಯೇ. 'ದಿನಕ್ಕೆ 75 ಕಿಲೋ ಸಾಮರ್ಥ್ಯ' ಎಂಬ ಮಾತು ನಂಬಿ ಎರಡು ತೊಟ್ಟಿ ಕೊಳ್ಳುತ್ತಾರೆ, ಮೂರನೇ ವಾರಕ್ಕೆ ಎರಡೂ ತುಂಬುತ್ತವೆ, ಅರೆಬೆಂದದ್ದನ್ನು ಹೊರಗೆ ಹಾಕುತ್ತಾರೆ, ನೆಲಮಹಡಿಯವರು ವಾಸನೆಗೆ ಜಗಳ ತೆಗೆಯುತ್ತಾರೆ, ಯೋಜನೆ ನಿಂತುಹೋಗುತ್ತದೆ.

ಇಪ್ಪತ್ತನಾಲ್ಕು ಗಂಟೆಯಲ್ಲಿ ಗೊಬ್ಬರ ಎಂದು ಮಾರುವ ಬಿಸಿ ಯಂತ್ರಗಳ ಬಗ್ಗೆ ಎಚ್ಚರ ಇರಲಿ. ಅವು ಕಸವನ್ನು ಒಣಗಿಸುತ್ತವೆ ಅಷ್ಟೆ. ಆ ಪುಡಿಗೆ ನೀರು ತಾಗಿದೊಡನೆ ಮತ್ತೆ ಕೊಳೆಯತೊಡಗುತ್ತದೆ, ಹಾಗೇ ಗಿಡಕ್ಕೆ ಹಾಕಿದರೆ ಬೇರು ಸುಡುತ್ತದೆ, ಇನ್ನೂ ಕೆಲವು ವಾರ ಮಾಗಿಸಲೇಬೇಕು. 75 ಕಿಲೋದಲ್ಲಿ 50 ಕಿಲೋ ನೀರನ್ನು ಆವಿ ಮಾಡಲು ದಿನಕ್ಕೆ ಸುಮಾರು 35 ಯೂನಿಟ್ ವಿದ್ಯುತ್ ಬೇಕು, ಇದು ಶಾಖ ಸ್ವಲ್ಪವೂ ಸೋರದಿದ್ದರೆ ಬರುವ ಲೆಕ್ಕ. ಒಣ ಎಲೆಯೂ ಒಬ್ಬ ತರಬೇತಾದ ಕೆಲಸಗಾರನೂ ಇದಕ್ಕಿಂತ ಅಗ್ಗ, ಮತ್ತು ಸಿಗುವುದು ನಿಜವಾದ ಗೊಬ್ಬರ.

ಹೋಟೆಲುಗಳಿಗೆ, ಕಲ್ಯಾಣ ಮಂಟಪಗಳಿಗೆ ಜೈವಿಕ ಅನಿಲ ಹೆಚ್ಚು ಹೊಂದುತ್ತದೆ. 100 ಕಿಲೋ ಊಟದ ಕಸದಿಂದ 8ರಿಂದ 10 ಘನ ಮೀಟರ್ ಅನಿಲ, ಅಂದರೆ ಸುಮಾರು 4 ಕಿಲೋ ಅಡುಗೆ ಅನಿಲಕ್ಕೆ ಸಮ. ನಿಂಬೆ, ಕಿತ್ತಳೆ ಸಿಪ್ಪೆ ಹೆಚ್ಚಾಗಿ ಬಿದ್ದರೆ ಟ್ಯಾಂಕ್ ಹುಳಿಯಾಗಿ ಅನಿಲ ನಿಲ್ಲುತ್ತದೆ, ಈರುಳ್ಳಿ ಸಿಪ್ಪೆ ಮೇಲೆ ತೇಲಿ ಪೊರೆ ಕಟ್ಟುತ್ತದೆ. ಇವನ್ನು ಗೊಬ್ಬರದ ತೊಟ್ಟಿಗೆ ಹಾಕುವುದೇ ಸರಿ. ಕರಿದ ಎಣ್ಣೆಯನ್ನು ಇವೆರಡಕ್ಕೂ ಸುರಿಯದೆ ಜೈವಿಕ ಡೀಸೆಲ್ ತಯಾರಕರಿಗಾಗಿ ಸಂಗ್ರಹಿಸುವವರಿಗೆ ಮಾರಬೇಕು.

ಟಿಪ್ಪರ್ ಹೊರಟ ಮೇಲೆ

ವಿಂಗಡಿಸಿ ಕೊಟ್ಟದ್ದನ್ನು ನಮ್ಮ ಕಣ್ಣೆದುರೇ ಒಂದಾಗಿ ಸುರಿಯುತ್ತಾರೆ ಎಂಬ ದೂರು ಬೆಂಗಳೂರಿನ ಎಲ್ಲ ಕಡೆ ಕೇಳುತ್ತದೆ. ಆ ಆಕ್ರೋಶ ನ್ಯಾಯವಾದದ್ದು. ಆದರೆ ದೋಷವನ್ನು ಚಾಲಕನ ಸ್ವಭಾವದಲ್ಲಿ ಹುಡುಕಿದರೆ ಸಿಗುವುದಿಲ್ಲ. ಟಿಪ್ಪರ್‌ಗೆ ಒಳಗೋಡೆ ಇಲ್ಲದಿದ್ದರೆ, ಒಣ ಕಸಕ್ಕೆ ಮೇಲೊಂದು ಚೀಲ, ಸ್ಯಾನಿಟರಿಗೆ ಪಕ್ಕದಲ್ಲೊಂದು ಡಬ್ಬ ಇಲ್ಲದಿದ್ದರೆ ಎಲ್ಲಿಗೆ ಹಾಕಬೇಕು? ಗುತ್ತಿಗೆದಾರನ ಬಿಲ್ಲು ತೂಕದ ಮೇಲೆ ನಿಂತಿರುವ ಕಡೆ ಒದ್ದೆಯಾದ ಮಿಶ್ರ ಕಸವೇ ಹೆಚ್ಚು ದುಡ್ಡು ತರುತ್ತದೆ. ಪ್ರತ್ಯೇಕವಾಗಿ ತಲುಪಿದ ಹಸಿ ಕಸಕ್ಕೆ ಹೆಚ್ಚು ದರ, ಮಿಶ್ರಕ್ಕೆ ಕಡಿತ ಎಂದು ಗುತ್ತಿಗೆಯಲ್ಲೇ ಬರೆಯದೆ ಇದು ಸರಿಹೋಗದು. ವಿಂಗಡಿಸದ ಕಸವನ್ನು ಭೂಭರ್ತಿಗೆ, ಅಂದರೆ ಕಸ ತುಂಬುವ ನೆಲಕ್ಕೆ, ಸಾಗಿಸಿದರೆ ಸ್ಥಳೀಯ ಸಂಸ್ಥೆಯೇ ಹೆಚ್ಚಿನ ಶುಲ್ಕ ತೆರಬೇಕು ಎಂದು 2026ರ ನಿಯಮ ಹೇಳಿರುವುದರಿಂದ ಈಗ ಪಾಲಿಕೆಗಳಿಗೂ ಇದರಲ್ಲಿ ಹಣದ ಹಿತಾಸಕ್ತಿ ಇದೆ.

ಜನರಿಂದ ವಸೂಲಾಗುವ ಶುಲ್ಕದಲ್ಲಿ ಅಂಥ ಪ್ರೇರಣೆ ಇನ್ನೂ ಬಂದಿಲ್ಲ. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯೊಂದಿಗೆ ಕಟ್ಟುವ ಬಳಕೆದಾರ ಶುಲ್ಕ ಮನೆಯ ವಿಸ್ತೀರ್ಣ ನೋಡಿ ತಿಂಗಳಿಗೆ 10 ರೂಪಾಯಿಂದ 400ರವರೆಗೆ ಇದೆ. ವಿಂಗಡಿಸಿದವರಿಗೂ ವಿಂಗಡಿಸದವರಿಗೂ ಒಂದೇ ದರ, ಅದೂ ಕಟ್ಟುವವರು ಮಾಲೀಕರು, ಕಸ ಹಾಕುವವರು ಬಹುಪಾಲು ಬಾಡಿಗೆದಾರರು.

ಮಿಶ್ರ ಕಸವನ್ನು ಒಯ್ಯಲು ನಿರಾಕರಿಸುವುದು ಪರಿಣಾಮಕಾರಿ, ಅದನ್ನು ಮಾಡಲೇಬೇಕು. ಆದರೆ ಗಾಡಿ ಬರುವ ಹೊತ್ತು ಜನಕ್ಕೆ ಹೊಂದಬೇಕು. ಪಿಜಿಯಲ್ಲಿರುವವರು, ಗಾರ್ಮೆಂಟ್ಸ್‌ಗೆ ಬೆಳಿಗ್ಗೆಯೇ ಹೊರಡುವವರು, ರಾತ್ರಿ ಪಾಳಿ ಮುಗಿಸಿ ಮಲಗಿದವರು ಎಂಟು ಗಂಟೆಯ ಸೀಟಿಗೆ ಬಾಗಿಲಲ್ಲಿ ಇರುವುದಿಲ್ಲ. ಅವರ ಕವರು ರಾತ್ರಿ ರಸ್ತೆ ಮೂಲೆಗೆ ಬೀಳುತ್ತದೆ, ಅಲ್ಲೊಂದು ಬ್ಲಾಕ್ ಸ್ಪಾಟ್ ಹುಟ್ಟುತ್ತದೆ. ದಂಡದ ಜೊತೆಗೆ ಸಂಜೆಯ ಒಂದು ಸುತ್ತು, ಪಿಜಿ ಮಾಲೀಕರಿಗೆ ಪ್ರತಿ ಮಹಡಿಯಲ್ಲಿ ಬುಟ್ಟಿ ಇಡುವ ಕಡ್ಡಾಯ, ಅಂಗಡಿ ಬೀದಿಗಳಿಗೆ ರಾತ್ರಿ ಒಂಬತ್ತರ ನಂತರದ ಗಾಡಿ ಇದ್ದರೆ ಮೂಲೆಗಳು ತಾವಾಗಿ ಸ್ವಚ್ಛವಾಗುತ್ತವೆ.

ವಿಂಗಡಿಸದೆ ಸುರಿದ ಕಸ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಂಗಳೂರಿನ ಪಚ್ಚನಾಡಿ 2019ರ ಆಗಸ್ಟ್‌ನ ಮಳೆಯಲ್ಲಿ ತೋರಿಸಿತು. ಕಸದ ಗುಡ್ಡ ಕುಸಿದು ಮಂದಾರ ಎಂಬ ಊರಿನ ಮನೆ, ಅಡಿಕೆ ತೋಟಗಳ ಮೇಲೆ ಹರಿಯಿತು. ಮಳೆನೀರು ಹೀರಿದ ಹಸಿ ಕಸ, ನೀರನ್ನು ಇಳಿಯಗೊಡದ ಪ್ಲಾಸ್ಟಿಕ್ ಪದರಗಳು, ಇವೆರಡೂ ಒಂದೇ ರಾಶಿಯಲ್ಲಿದ್ದಾಗ ಗುಡ್ಡದ ಬುಡ ಸಡಿಲವಾಗುತ್ತದೆ.

ನಾಗರಿಕ ಸಂಘಗಳು ಈಗ ಕೇಳಬೇಕಾದದ್ದು ಸ್ಪಷ್ಟ. 2025ರ ಸೆಪ್ಟೆಂಬರ್‌ನಿಂದ ನಗರ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾಗಿದೆ, ಕಸದ ಹೊಣೆ ಹೊತ್ತ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ ಇದೆ. ನಮ್ಮ ವಾರ್ಡಿನ ಹಸಿ ಕಸ ಯಾವ ಘಟಕಕ್ಕೆ ಹೋಗುತ್ತದೆ, ಅಲ್ಲಿಗೆ ತಲುಪಿದ್ದರಲ್ಲಿ ಎಷ್ಟು ತಿರಸ್ಕೃತವಾಯಿತು, ಸ್ಯಾನಿಟರಿ ಕಸ ಯಾವ ಸುಡುಗೂಡಿಗೆ ಹೋಯಿತು, ಟ್ಯೂಬ್‌ಲೈಟ್ ಕೊಡುವ ಕೇಂದ್ರ ಎಲ್ಲಿದೆ. ಈ ನಾಲ್ಕು ಪ್ರಶ್ನೆಗೆ ಪ್ರತಿ ತಿಂಗಳು ವಾರ್ಡ್ ಕಚೇರಿಯ ಗೋಡೆಯ ಮೇಲೆ ಲಿಖಿತ ಉತ್ತರ ಅಂಟಿಸಿರಬೇಕು.